ಡ್ಯೂಟಿ ಪಟ್ಟಿಯೂ ರಕ್ತನಾಳವೂ

ನಮ್ಮ ಠಾಣೆಯ ಡ್ಯೂಟಿ ಪಟ್ಟಿ ಬರೆಯುವವಳು ನಾನು. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ, ಹೆದ್ದಾರಿಗೆ ಅಂಟಿಕೊಂಡ ಠಾಣೆ, ಹೆಸರು ಬೇಡ. ಈಗ ನನ್ನ ಹುದ್ದೆ ಎಎಸ್‌ಐ, ಆದರೆ ಹೆಡ್ ಕಾನ್‌ಸ್ಟೆಬಲ್ ಆಗಿದ್ದಾಗಿನಿಂದಲೂ ಎಲ್ಲರಿಗೂ ನಾನು ‘ರೈಟರ್ ಮೇಡಂ’. ಸೆಂಟ್ರಿ ಯಾರು, ಹಗಲು ಬೀಟ್ ಯಾರು, ರಾತ್ರಿ ಬೀಟ್ ಯಾರು, 112 ಗಾಡಿಗೆ ಯಾರು, ಕೋರ್ಟಿಗೆ ಯಾರು, ಸಮನ್ಸ್ ಜಾರಿಗೆ ಯಾರು, ಆಸ್ಪತ್ರೆಯಲ್ಲಿರುವ ಆರೋಪಿಯ ಕಾವಲಿಗೆ ಯಾರು ಎಂದು ಪ್ರತಿ ಸಂಜೆ ಬರೆದು, ಸಾಹೇಬರ ಸಹಿ ಹಾಕಿಸಿ, ಠಾಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇನೆ. ಹಾಕಿದ ಮರುಕ್ಷಣದಿಂದ ಫೋನು ಶುರು. “ಮೇಡಂ, ನಾಳೆ ನೈಟ್ ಬೇಡ, ಅಕ್ಕನ ಮಗಳ ನಾಮಕರಣ ಇದೆ.” “ಮೇಡಂ, ಹೋದ ವಾರವೂ ನನಗೇ ನೈಟ್ ಬಂದಿತ್ತು.” ದೇವಸ್ಥಾನದ ಹುಂಡಿಯಲ್ಲಿ ಬೀಳುವಷ್ಟೇ ಬಗೆಬಗೆಯ ಬೇಡಿಕೆಗಳು ನನ್ನ ಫೋನಿನಲ್ಲೂ ಬೀಳುತ್ತವೆ.

ಈ ಪಟ್ಟಿಗೂ ನಮ್ಮವರ ರಕ್ತನಾಳಗಳಿಗೂ ಏನು ನಂಟು ಎಂಬ ಯೋಚನೆ ತಲೆಗೆ ಹತ್ತಿದ್ದು ಕಳೆದ ವರ್ಷದ ಆರೋಗ್ಯ ತಪಾಸಣೆಯ ನಂತರ. ಸಿಬ್ಬಂದಿಗೆ ವರ್ಷಕ್ಕೊಮ್ಮೆ ತಪಾಸಣೆ ನಡೆಯುತ್ತದೆ; ವರದಿಗಳನ್ನು ಒಟ್ಟು ಮಾಡಿ ಕಡತಕ್ಕೆ ಸೇರಿಸುವುದು ರೈಟರ್ ಕೆಲಸ. ನಮ್ಮ ಜೀಪು ಚಾಲಕನ ಬಿಪಿ ಹಗಲಿನಲ್ಲಿ ಅಷ್ಟೇನೂ ಹೆಚ್ಚಿರಲಿಲ್ಲ. ಆದರೂ ಒಬ್ಬ ವೈದ್ಯೆ ಅವನಿಗೆ ಇಪ್ಪತ್ತನಾಲ್ಕು ಗಂಟೆ ಬಿಪಿ ಅಳೆಯುವ ಯಂತ್ರವನ್ನು ಸೊಂಟಕ್ಕೆ ಕಟ್ಟಿ ಕಳುಹಿಸಿದರು. ಅರ್ಧ ಗಂಟೆಗೊಮ್ಮೆ ತೋಳಿನ ಪಟ್ಟಿ ತಾನೇ ಬಿಗಿಯಾಗಿ ಸಡಿಲವಾಗುವ ಯಂತ್ರ. ಅಂದು ಅವನಿಗೆ ರಜೆ, ರಾತ್ರಿ ಮನೆಯಲ್ಲೇ ಮಲಗಿದ್ದ. ಮರುದಿನ ಬಂದ ಗೆರೆಯಲ್ಲಿ ರಾತ್ರಿಯ ಭಾಗವೂ ಹಗಲಿನಷ್ಟೇ ಎತ್ತರದಲ್ಲಿತ್ತು.

ವೈದ್ಯೆ ವಿವರಿಸಿದ್ದು ಸರಳವಾಗಿತ್ತು. ಆರೋಗ್ಯವಂತರ ರಕ್ತದೊತ್ತಡ ನಿದ್ದೆಯಲ್ಲಿ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯಬೇಕು. ಹೃದಯಕ್ಕೂ ನಾಳಗಳಿಗೂ ಸಿಗುವ ವಿಶ್ರಾಂತಿ ಅದೇ. ಇವನದು ಇಳಿಯುತ್ತಲೇ ಇಲ್ಲ. ರಾತ್ರಿ ಇಳಿಯದ ಬಿಪಿ, ಹಗಲಲ್ಲಿ ಅಳೆದ ಬಿಪಿಗಿಂತ ಹೆಚ್ಚು ಚಿಂತೆಯ ವಿಷಯ ಎಂದರು. “ನಿಮ್ಮ ಡ್ಯೂಟಿ ಯಾವ ಹೊತ್ತು?” ಎಂದು ಅವನನ್ನು ಕೇಳಿದರಂತೆ. “ಅದನ್ನು ನಮ್ಮ ರೈಟರ್ ಮೇಡಂ ಅವರನ್ನೇ ಕೇಳಬೇಕು” ಎಂದು ಇವನು ಹೇಳಿ ಬಂದ. ಅವನಿಗೆ ಅದು ತಮಾಷೆ. ನನಗೆ ಆ ಮಾತು ಹಾಗೆಯೇ ಉಳಿದುಬಿಟ್ಟಿತು.

ಅದಾದ ಮೇಲೆ ಹುಡುಕಿ ಓದತೊಡಗಿದೆ. ಇಂಗ್ಲಿಷ್ ಪ್ರಬಂಧಗಳು ನನಗೆ ನೀರು ಕುಡಿದಷ್ಟು ಸುಲಭವೇನಲ್ಲ. ಬಿಎಸ್ಸಿ ಓದುತ್ತಿರುವ ಮಗಳು ಜೊತೆಗೆ ಕುಳಿತಳು. ಪೊಲೀಸರ ರಕ್ತನಾಳಗಳನ್ನೇ ವರ್ಷಗಟ್ಟಲೆ ಅಳೆದ ಊರೊಂದಿದೆ ಎಂದು ತಿಳಿದಿದ್ದು ಹಾಗೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಈರಿ ಸರೋವರದ ದಂಡೆಯ ಬಫಲೊ ನಗರ. ಅಲ್ಲಿನ ವಿಶ್ವವಿದ್ಯಾಲಯದ ಜಾನ್ ವಯೋಲಾಂಟಿ ಮತ್ತು ಅಮೆರಿಕ ಸರ್ಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಸೇರಿ ಆ ನಗರದ ಪೊಲೀಸರನ್ನು ಅಧ್ಯಯನ ಮಾಡುತ್ತ ಬಂದಿದ್ದಾರೆ. ವಯೋಲಾಂಟಿ ಪ್ರಾಧ್ಯಾಪಕರಾಗುವ ಮೊದಲು 23 ವರ್ಷ ನ್ಯೂಯಾರ್ಕ್ ರಾಜ್ಯ ಪೊಲೀಸ್‌ನಲ್ಲಿದ್ದವರು. ಇದನ್ನು ಓದಿದ ಮೇಲೆ ನನಗೆ ಆ ಪ್ರಬಂಧಗಳ ಮೇಲಿನ ನಂಬಿಕೆ ಒಂದು ಹಿಡಿ ಹೆಚ್ಚಾಯಿತು. ರಾತ್ರಿ ಬೀಟಿನಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಮೈ ಏನಾಗುತ್ತದೆ ಎಂದು ಆ ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವರ ಒಂದು ಜಾಣ್ಮೆ ನನ್ನಂಥ ರೈಟರ್‌ಗೆ ತಕ್ಷಣ ಹಿಡಿಸಿತು. “ನೀವು ಎಷ್ಟು ವರ್ಷ ನೈಟ್ ಮಾಡಿದ್ದೀರಿ?” ಎಂದು ಪೊಲೀಸರನ್ನು ಕೇಳಿ ಬರೆದುಕೊಳ್ಳುವ ಗೋಜಿಗೆ ಅವರು ಹೋಗಲಿಲ್ಲ. ಕೇಳಿದರೆ ಎಲ್ಲರೂ ‘ಜೀವನಪೂರ್ತಿ ನೈಟೇ ಮಾಡಿದ್ದೇನೆ’ ಎನ್ನುತ್ತಾರೆ, ನಾನು ದಿನವೂ ಕೇಳುವುದಿಲ್ಲವೇ. ಅವರು ನೇರವಾಗಿ ಇಲಾಖೆಯ ಸಂಬಳದ ದಾಖಲೆ ತೆಗೆಸಿದರು. 1994ರಿಂದ ಈಚೆಗೆ ಪ್ರತಿಯೊಬ್ಬ ಅಧಿಕಾರಿ ಪ್ರತಿ ದಿನ ಎಷ್ಟು ಹೊತ್ತಿಗೆ ಕೆಲಸಕ್ಕೆ ಬಂದ, ಎಷ್ಟು ಗಂಟೆ ದುಡಿದ ಎಂಬುದು ಅದರಲ್ಲಿತ್ತು. ಅದರಿಂದ ಪ್ರತಿಯೊಬ್ಬರನ್ನೂ ಹಗಲು, ಮಧ್ಯಾಹ್ನ, ರಾತ್ರಿ ಎಂದು ಮೂರು ಪಾಳಿಗೆ ವಿಂಗಡಿಸಿದರು.

ಇನ್ನು ರಕ್ತನಾಳವನ್ನು ಅಳೆದ ರೀತಿ. ನಾಳದ ಒಳಗೋಡೆಗೆ ಒಂದೇ ಜೀವಕೋಶದಷ್ಟು ತೆಳ್ಳಗಿನ ಪದರವೊಂದಿದೆ, ಎಂಡೋಥೀಲಿಯಂ ಎನ್ನುತ್ತಾರೆ. ಅದು ಬರೀ ಅಸ್ತರಿಯಲ್ಲ, ಕೆಲಸ ಮಾಡುವ ಪದರ. ರಕ್ತದ ಹರಿವು ಜೋರಾದಾಗ ಅದನ್ನು ಗ್ರಹಿಸಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತದೆ. ಆಗ ನಾಳದ ಸ್ನಾಯು ಸಡಿಲಗೊಂಡು ನಾಳ ಅಗಲವಾಗುತ್ತದೆ. ನಮ್ಮ ಕಡೆಯವರಿಗೆ ಹೇಳುವುದಾದರೆ, ಭದ್ರಾ ನಾಲೆಗೆ ನೀರು ಬಿಟ್ಟ ದಿನ ನಾಲೆಯ ಏರಿಗಳೇ ತುಸು ಹಿಂದೆ ಸರಿದು ನೀರಿಗೆ ಜಾಗ ಮಾಡಿಕೊಟ್ಟಂತೆ. ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಹೀಗೆ ಸುದ್ದಿ ಮುಟ್ಟಿಸುತ್ತದೆ ಎಂದು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ 1998ರಲ್ಲಿ ನೊಬೆಲ್ ಬಂತು.

ಪರೀಕ್ಷೆ ಮಾಡುವುದು ಹೀಗೆ: ಕೈಗೆ ಬಿಪಿ ಪಟ್ಟಿ ಕಟ್ಟಿ ಐದು ನಿಮಿಷ ರಕ್ತದ ಹರಿವನ್ನೇ ತಡೆಯುತ್ತಾರೆ. ಆಮೇಲೆ ಒಮ್ಮೆಲೇ ಬಿಟ್ಟುಬಿಡುತ್ತಾರೆ. ರಕ್ತ ನುಗ್ಗುತ್ತದೆ. ಮೊಣಕೈಯ ಮೇಲಿನ ನಾಳ ಆಗ ಶೇಕಡಾ ಎಷ್ಟು ಅಗಲವಾಯಿತು ಎಂಬುದನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆಯುತ್ತಾರೆ. ಹೆಚ್ಚು ಅಗಲವಾದರೆ ಒಳಪದರ ಚುರುಕಾಗಿದೆ. ಅಗಲವಾಗಲು ಹಿಂದೇಟು ಹಾಕಿದರೆ ಮುಂದೊಂದು ದಿನ ಕೊಬ್ಬು ಕಟ್ಟಿಕೊಳ್ಳಲು ನೆಲ ಹದವಾಗುತ್ತಿದೆ ಎಂದು ಅರ್ಥ. ಎದೆನೋವು ಬರುವ ಎಷ್ಟೋ ವರ್ಷ ಮೊದಲೇ ಈ ಬದಲಾವಣೆ ಕಾಣುತ್ತದೆ. ಅದಕ್ಕೇ ಇದಕ್ಕೆ ಬೆಲೆ.

ಬಫಲೊದಲ್ಲಿ 188 ಪೊಲೀಸರನ್ನು ಎರಡು ಸಲ ಹೀಗೆ ಅಳೆದರು. ಮೊದಲ ಸಲ 2004ರಿಂದ 2009ರ ನಡುವೆ, ಎರಡನೆಯ ಸಲ 2010ರಿಂದ 2014ರ ನಡುವೆ. ಸರಾಸರಿ ಏಳು ವರ್ಷದ ಅಂತರ. ಇಡೀ ಗುಂಪಿನಲ್ಲಿ ನಾಳ ಅಗಲವಾಗುವ ಸರಾಸರಿ ಪ್ರಮಾಣ ಶೇಕಡಾ 5.74ರಿಂದ 3.88ಕ್ಕೆ ಇಳಿದಿತ್ತು. ಅಂಕಿ ಸಣ್ಣದಾಗಿ ಕಾಣುತ್ತದೆ. 4 ಮಿಲಿಮೀಟರ್ ಅಗಲದ ನಾಳ ಎಂದುಕೊಂಡು ಲೆಕ್ಕ ಹಾಕಿದರೆ, ಮೊದಲು 0.23 ಮಿಲಿಮೀಟರ್ ಹಿಗ್ಗುತ್ತಿದ್ದದ್ದು ಈಗ 0.16 ಮಾತ್ರ ಹಿಗ್ಗುತ್ತಿದೆ. ಹಿಗ್ಗುವ ಶಕ್ತಿಯಲ್ಲಿ ಮೂರನೇ ಒಂದು ಭಾಗ ಹೋಯಿತು. ವಯಸ್ಸಾಗುವುದರಿಂದಲೂ ಇದು ಇಳಿಯುತ್ತದೆ, ನಿಜ. ಆದರೆ ಗಂಡಸರಲ್ಲಿ ಇಳಿಕೆ ಪಾಳಿಗೆ ತಕ್ಕಂತೆ ಬೇರೆಬೇರೆಯಾಗಿತ್ತು. ಹಗಲು ಪಾಳಿಯವರಲ್ಲಿ ಕಡಿಮೆ; ರಾತ್ರಿ ಪಾಳಿಯವರಲ್ಲಿ ಹೆಚ್ಚು; ಮಧ್ಯಾಹ್ನದ ಪಾಳಿಯವರಲ್ಲೂ ಹೆಚ್ಚು.

ಆ ಕೊನೆಯ ಮಾತನ್ನು ಓದಿ ನಾನು ಮಗಳಿಗೆ ಇನ್ನೊಮ್ಮೆ ಓದಲು ಹೇಳಿದೆ. ನಮ್ಮಲ್ಲಿ ಎಲ್ಲರ ಜಗಳವೂ ನೈಟ್ ಬಗ್ಗೆ. ಎರಡನೇ ಪಾಳಿ ಎಂದರೆ ಯಾರೂ ತಕರಾರು ಮಾಡುವುದಿಲ್ಲ, ‘ಆರಾಮದ ಪಾಳಿ’ ಎಂದೇ ಅದಕ್ಕೆ ಹೆಸರು. ಆದರೆ ಕುಡಿದು ಗಲಾಟೆ, ಗಂಡ ಹೆಂಡಿರ ಜಗಳ, ಹೆದ್ದಾರಿಯ ಅಪಘಾತ, ಸಂಜೆಯ ಸಭೆ ಮೆರವಣಿಗೆ ಎಲ್ಲವೂ ಬಂದು ಬೀಳುವುದು ಆ ಪಾಳಿಯ ತಲೆಯ ಮೇಲೆ. ಒಂಬತ್ತಕ್ಕೆ ಮುಗಿಯಬೇಕಾದದ್ದು ಎಫ್‌ಐಆರ್ ಬರೆದು, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಮನೆ ಸೇರುವಾಗ ಮಧ್ಯರಾತ್ರಿ. ಊಟ ಹನ್ನೆರಡೂವರೆಗೆ. ಮನೆಮಂದಿ ಎಚ್ಚರವಿರುವ ಯಾವ ಹೊತ್ತೂ ಅವರಿಗೆ ಸಿಗುವುದಿಲ್ಲ. ಬಫಲೊದ ಸಂಖ್ಯೆಗೆ ಇದೇ ಕಾರಣ ಎಂದು ಆ ಪ್ರಬಂಧ ಹೇಳುವುದಿಲ್ಲ. ಇದು ನನ್ನ ಠಾಣೆಯ ಅನುಭವ. ಆದರೆ ಅಂದಿನಿಂದ ಎರಡನೇ ಪಾಳಿಯನ್ನು ಹಗುರ ಎಂದು ನಾನು ಲೆಕ್ಕ ಹಿಡಿಯುತ್ತಿಲ್ಲ.

ಹೆಂಗಸರಲ್ಲಿ ಪಾಳಿಯಿಂದ ಅಂಥ ವ್ಯತ್ಯಾಸ ಕಾಣಲಿಲ್ಲವಂತೆ. ನಮ್ಮ ಗಂಡಸು ಸಿಬ್ಬಂದಿಗೆ ಇದನ್ನು ಹೇಳಿದ ದಿನ ಒಬ್ಬ, “ಹಾಗಾದರೆ ನೈಟ್ ಎಲ್ಲ ಲೇಡಿ ಸ್ಟಾಫ್‌ಗೇ ಹಾಕಿ ಮೇಡಂ, ಸೈನ್ಸೇ ಹೇಳಿದೆ” ಎಂದ. ನಾನು ಅವನಿಗೆ ಮರುದಿನ ಸೆಂಟ್ರಿ ಹಾಕಿದೆ. ನಿಜಕ್ಕೂ ಆ ಗುಂಪಿನಲ್ಲಿ ಹೆಂಗಸರು ಇದ್ದದ್ದೇ ನಲವತ್ತು ಚಿಲ್ಲರೆ ಜನ. ಅಷ್ಟು ಜನರನ್ನು ಮೂರು ಪಾಳಿಗೆ ಹಂಚಿದರೆ ಒಂದೊಂದರಲ್ಲಿ ಎಷ್ಟು ಮಂದಿ ಉಳಿಯುತ್ತಾರೆ? ಕಾಣಲಿಲ್ಲ ಎಂಬುದನ್ನು ಇಲ್ಲ ಎಂದು ಓದುವ ಅಭ್ಯಾಸ ತನಿಖೆಯಲ್ಲೂ ಒಳ್ಳೆಯದಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಹೇಳಿಬಿಡಬೇಕು. ಬಫಲೊದಲ್ಲಿ ಪಾಳಿಗಳು ಸ್ಥಿರ. ರಾತ್ರಿಯವರು ವರ್ಷಗಟ್ಟಲೆ ರಾತ್ರಿಯವರೇ, ಹಗಲಿನವರು ಹಗಲಿನವರೇ. ನಮ್ಮಲ್ಲಿ ಒಬ್ಬನೇ ಮನುಷ್ಯ ತಿಂಗಳೊಳಗೆ ಮೂರೂ ಪಾಳಿ ಸುತ್ತುತ್ತಾನೆ, ನಡುವೆ ಬಂದೋಬಸ್ತ್ ಬಂದರೆ ನಾಲ್ಕನೆಯದೂ ಒಂದು ಇದೆ: ಹಗಲೂ ರಾತ್ರಿಯೂ. ಹಾಗಾಗಿ ಅವರ ಅಂಕಿಗಳನ್ನು ಎತ್ತಿ ನಮ್ಮ ಮೇಲೆ ಕೂರಿಸಲು ಬರುವುದಿಲ್ಲ. ಅಲ್ಲದೆ, ಇಂಥ ಅಧ್ಯಯನಗಳಲ್ಲಿ ನೈಟ್ ಮಾಡುವವರು ಬೇರೆ ರೀತಿಯಲ್ಲೂ ಬೇರೆಯೇ ಇರಬಹುದು. ಕಿರಿಯರು, ಬೀಡಿ ಸಿಗರೇಟು ಹೆಚ್ಚು, ಹೀಗೆ. ಸಂಶೋಧಕರು ಅಂಥವನ್ನು ಲೆಕ್ಕದಲ್ಲಿ ಹೊಂದಿಸಿಕೊಂಡೇ ಹೇಳಿದ್ದಾರೆ, ಆದರೂ ಕೈಕೋಳ ಹಾಕುವಷ್ಟು ಸಾಕ್ಷ್ಯ ಇದೊಂದೇ ಅಲ್ಲ. ಅದಕ್ಕೆ ಬೇರೆ ಸಾಕ್ಷಿಗಳೂ ಬೇಕು. ಇವೆ. 2012ರಲ್ಲಿ 34 ಅಧ್ಯಯನಗಳನ್ನು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ ಪ್ರಕಟವಾಯಿತು. ಪೊಲೀಸರಷ್ಟೇ ಅಲ್ಲ, ಎಲ್ಲ ಬಗೆಯ ಪಾಳಿ ಕೆಲಸಗಾರರು. ಪಾಳಿಯಲ್ಲಿ ದುಡಿಯುವವರಿಗೆ ಹೃದಯಾಘಾತದ ಅಪಾಯ ಶೇಕಡಾ 23ರಷ್ಟು ಹೆಚ್ಚು ಎಂದು ಅದರಲ್ಲಿ ಕಂಡಿತು.

ಯಾಕೆ ಹೀಗೆ? ನಮ್ಮ ಮಿದುಳಿನಲ್ಲಷ್ಟೇ ಅಲ್ಲ, ನಾಳದ ಗೋಡೆಯ ಕೋಶಗಳಲ್ಲೂ, ಯಕೃತ್ತಿನಲ್ಲೂ, ಹೃದಯದಲ್ಲೂ ಗಡಿಯಾರವಿದೆ. ಆ ಗಡಿಯಾರದ ವಂಶವಾಹಿಗಳನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಮೂವರಿಗೆ 2017ರ ನೊಬೆಲ್ ಸಂದಿತು. ಮಿದುಳಿನ ಗಡಿಯಾರ ಬೆಳಕನ್ನು ನೋಡಿ ಸರಿಹೊಂದಿಸಿಕೊಳ್ಳುತ್ತದೆ, ಯಕೃತ್ತಿನದು ಮುಖ್ಯವಾಗಿ ಊಟದ ಹೊತ್ತನ್ನು. ರಾತ್ರಿ ಎರಡಕ್ಕೆ ಠಾಣೆಯ ಟ್ಯೂಬ್‌ಲೈಟಿನ ಕೆಳಗೆ ಕುಳಿತು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದರೆ ಒಂದೊಂದು ಗಡಿಯಾರ ಒಂದೊಂದು ಸಮಯ ಹೇಳತೊಡಗುತ್ತದೆ. ಬಾಸ್ಟನ್ನಿನಲ್ಲಿ 2009ರಲ್ಲಿ ಹತ್ತು ಜನರನ್ನು ಪ್ರಯೋಗಾಲಯದಲ್ಲಿ ಇಟ್ಟುಕೊಂಡು 28 ಗಂಟೆಯ ‘ದಿನ’ದಲ್ಲಿ ಬದುಕಿಸಿ ನೋಡಿದರು. ನಿದ್ದೆ, ಊಟ ಎರಡೂ ಒಳಗಡಿಯಾರಕ್ಕೆ ತಲೆಕೆಳಗಾದಾಗ ರಕ್ತದ ಸಕ್ಕರೆ ಶೇಕಡಾ 6ರಷ್ಟು, ಸರಾಸರಿ ರಕ್ತದೊತ್ತಡ ಶೇಕಡಾ 3ರಷ್ಟು ಏರಿತು. ಇವರು ಆರೋಗ್ಯವಂತರು, ಪ್ರಯೋಗ ನಡೆದದ್ದು ಕೆಲವೇ ದಿನ. 2021ರಲ್ಲಿ ಅದೇ ತಂಡ ಇನ್ನೊಂದು ಪ್ರಯೋಗ ಮಾಡಿತು: ರಾತ್ರಿ ಎಚ್ಚರವಿದ್ದರೂ ಊಟವನ್ನು ಹಗಲಿನಲ್ಲಷ್ಟೇ ಮಾಡಿದವರ ಸಕ್ಕರೆ ಏರಲಿಲ್ಲ, ರಾತ್ರಿಯೂ ತಿಂದವರದು ಏರಿತು.

ಇದನ್ನು ಓದಿದ ನಂತರ ನಾನು ಮಾಡಿದ ಮೊದಲ ಕೆಲಸ, ರಾತ್ರಿ ಪಾಳಿಯವರು ಮನೆಯಿಂದ ಊಟ ಮುಗಿಸಿಯೇ ಬರಲಿ ಎಂದು ಹಾಜರಿ ಕರೆಯುವಾಗ ಹೇಳಿದ್ದು. ಹೆದ್ದಾರಿಯ ಬಜ್ಜಿ ಅಂಗಡಿಯವನಿಗೆ ನನ್ನ ಮೇಲೆ ಅಷ್ಟೇನೂ ಪ್ರೀತಿ ಉಳಿದಿಲ್ಲ. ಚಹಾ ಬಿಡಿಸಲು ಹೋಗಲಿಲ್ಲ. ಮೂರು ಗಂಟೆಗೆ ಒಬ್ಬನೇ ಎಟಿಎಂ, ಸರಾಫ ಅಂಗಡಿ, ಬಸ್ ನಿಲ್ದಾಣ ಸುತ್ತಿ ಇ-ಬೀಟ್ ಗುರುತು ಹಾಕುವ ಹುಡುಗನಿಂದ ಚಹಾ ಕಸಿದುಕೊಳ್ಳುವುದು ಯಾವ ಧರ್ಮ.

ಆದರೆ ಈ ಓದಿನಲ್ಲೆಲ್ಲ ನನ್ನನ್ನು ನಿಜವಾಗಿ ಎಬ್ಬಿಸಿ ಕೂರಿಸಿದ್ದು ಒಂದು ಹಳೆಯ ಪ್ರಬಂಧ. 1983ರದು, ಸ್ವೀಡನ್ನಿನ ಸ್ಟಾಕ್‌ಹೋಮ್‌ನದು. ಅದೂ ಪೊಲೀಸರ ಮೇಲೆಯೇ ನಡೆದದ್ದು. ಅಲ್ಲಿನ ಪೊಲೀಸರ ಪಾಳಿ ಹಿಮ್ಮುಖವಾಗಿ ಸುತ್ತುತ್ತಿತ್ತು: ರಾತ್ರಿ, ಆಮೇಲೆ ಮಧ್ಯಾಹ್ನ, ಆಮೇಲೆ ಬೆಳಗ್ಗೆ. ಸಂಶೋಧಕರು ನಾಲ್ಕು ವಾರ ಅದನ್ನು ಮುಮ್ಮುಖ ಮಾಡಿಸಿದರು: ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಕೆಲಸ ಅದೇ, ಜನ ಅವರೇ, ಕ್ರಮ ಮಾತ್ರ ಬೇರೆ. ರಕ್ತದ ಟ್ರೈಗ್ಲಿಸರೈಡ್ ಕೊಬ್ಬು, ಸಕ್ಕರೆ, ಮೇಲಿನ ಬಿಪಿ ಮೂರೂ ಇಳಿದವು. ಮನುಷ್ಯನ ಒಳಗಡಿಯಾರದ ಸಹಜ ಸುತ್ತು ಸಾಮಾನ್ಯವಾಗಿ 24 ಗಂಟೆಗಿಂತ ತುಸು ಉದ್ದ. ಹಾಗಾಗಿ ಮಲಗುವ ಹೊತ್ತನ್ನು ಮುಂದೂಡುವುದು ಹಿಂದಕ್ಕೆಳೆಯುವುದಕ್ಕಿಂತ ಸುಲಭ.

ನಮ್ಮ ಠಾಣೆಯ ಪಟ್ಟಿ ಯಾವ ಕಡೆ ಸುತ್ತುತ್ತಿದೆ ಎಂದು ನೋಡಿದೆ. ಹಿಂದಕ್ಕೆ. ನಾನು ರೈಟರ್ ಆಗಿ ಬರುವ ಮೊದಲಿನಿಂದಲೂ, ದಫೇದಾರರು ಉದ್ದನೆಯ ಪುಸ್ತಕದಲ್ಲಿ ಗೆರೆ ಎಳೆದು ಬರೆಯುತ್ತಿದ್ದ ಕಾಲದಿಂದಲೂ ಹಾಗೆಯೇ. ನಮ್ಮ ಪಾಳಿಗಳು ಬೆಳಗ್ಗೆ 8ರಿಂದ 2, 2ರಿಂದ ರಾತ್ರಿ 9, 9ರಿಂದ ಬೆಳಗ್ಗೆ 8. ಒಂದೊಂದು ವಾರ ಒಂದೊಂದು. ಒಂದು ವಾರದ ನೈಟ್ ಸೋಮವಾರ ಬೆಳಗ್ಗೆ ಎಂಟಕ್ಕೆ ಮುಗಿಸಿದವನು ಅದೇ ದಿನ ಮಧ್ಯಾಹ್ನ ಎರಡಕ್ಕೆ ಎರಡನೇ ಪಾಳಿಗೆ ಹಾಜರ್. ನಡುವೆ ಆರು ಗಂಟೆ. ಅದರಲ್ಲಿ ಮನೆಗೆ ಹೋಗಿ, ಸ್ನಾನ, ತಿಂಡಿ ಮುಗಿಸಿ, ಪಕ್ಕದ ಮನೆಯ ಕುಕ್ಕರ್ ಕೂಗಿನ ನಡುವೆ ಮಲಗಿ, ಎದ್ದು, ಸಮವಸ್ತ್ರ ಹಾಕಿ ಬರಬೇಕು. ನಿದ್ದೆ ಎಷ್ಟು ಬಿತ್ತು ಎಂದು ನೀವೇ ಲೆಕ್ಕ ಹಾಕಿ.

ಹೆಂಗಸರಿಗಾದರೆ ಅದೂ ಇಲ್ಲ. ನೈಟ್ ಮುಗಿಸಿ ಕ್ವಾರ್ಟರ್ಸ್ ತಲುಪಿದ ನಮ್ಮ ಹುಡುಗಿಯರು ಸಮವಸ್ತ್ರದಲ್ಲೇ ಒಲೆ ಹಚ್ಚುತ್ತಾರೆ. ನಲ್ಲಿಯಲ್ಲಿ ನೀರು ಬರುವುದೂ ಆ ಹೊತ್ತಿಗೇ. ನಾನೂ ಹಾಗೆಯೇ ಮಾಡಿದವಳು. ಅತ್ತೆ ಇದ್ದಾಗ, “ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತೇ ಇದ್ದೆಯಲ್ಲ, ಇನ್ನೆಂಥ ನಿದ್ದೆಯಮ್ಮ” ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹಗಲಿನ ನಿದ್ದೆಯನ್ನು ಸೋಮಾರಿತನ ಎಂದೇ ನೋಡುವ ಊರು ನಮ್ಮದು.

ಸಾಹೇಬರ ಮುಂದೆ ಕಾಗದ ಇಟ್ಟೆ. ಅವರು ಕಿರಿಯರು, ಎಂಜಿನಿಯರಿಂಗ್ ಓದಿ ಪಿಎಸ್‌ಐ ಆದವರು, ಗೆರೆ ಚಿತ್ರ ತೋರಿಸಿದರೆ ಕೇಳುತ್ತಾರೆ. ಮೊದಲನೇ ಪಾಳಿಯಿಂದ ಎರಡನೆಯದಕ್ಕೆ, ಎರಡನೆಯದರಿಂದ ನೈಟ್‌ಗೆ ಹೋಗುವಾಗ ಪ್ರತಿ ಸಲ ಇಪ್ಪತ್ತನಾಲ್ಕು ಗಂಟೆ ಬಿಡುವು ಸಿಗುತ್ತದೆ. ನೈಟ್‌ನಿಂದ ಮತ್ತೆ ಮೊದಲನೆಯದಕ್ಕೆ ಬರುವಾಗ ಮಾತ್ರ ತೊಡಕು: ಎಂಟಕ್ಕೆ ಮುಗಿಸಿದವನನ್ನು ಎಂಟಕ್ಕೇ ಹಾಜರಾಗು ಎನ್ನಲು ಆಗುವುದಿಲ್ಲ. ಆ ಸೋಮವಾರಕ್ಕೆ ಒಂದು ತಲೆ ಕಡಿಮೆ ಬೀಳುತ್ತದೆ. ಅವನ ವಾರದ ರಜೆಯನ್ನು ಅಲ್ಲಿಗೇ ಜೋಡಿಸಿ, ಆ ಬೆಳಗ್ಗೆಯ ಠಾಣಾ ಕೆಲಸವನ್ನು ನಾನೇ ನೋಡಿಕೊಳ್ಳುತ್ತೇನೆ ಎಂದೆ. “ಬಂದೋಬಸ್ತ್ ಬಂದರೆ?” ಎಂದರು. “ಬಂದೋಬಸ್ತ್ ಬಂದರೆ ಯಾವ ಪಟ್ಟಿ ತಾನೇ ನಿಲ್ಲುತ್ತದೆ ಸರ್” ಎಂದೆ. ಸಹಿ ಹಾಕಿದರು.

ತಕರಾರು ಬಂದದ್ದು ಮೇಲಿನಿಂದಲ್ಲ, ಕೆಳಗಿನಿಂದ. ಅದನ್ನು ನಾನು ಎಣಿಸಿರಲಿಲ್ಲ. ಹಿಮ್ಮುಖ ಪಟ್ಟಿಯಲ್ಲಿ ಒಂದು ಸಿಹಿ ಅಡಗಿತ್ತು: ಮೊದಲನೇ ಪಾಳಿಯ ವಾರ ಭಾನುವಾರ ಮಧ್ಯಾಹ್ನ ಎರಡಕ್ಕೆ ಮುಗಿದರೆ, ನೈಟ್ ಶುರುವಾಗುವುದು ಸೋಮವಾರ ರಾತ್ರಿ ಒಂಬತ್ತಕ್ಕೆ. ಮೂವತ್ತೊಂದು ಗಂಟೆ ಪೂರ್ತಿ ಕೈಯಲ್ಲಿ. ಅದಕ್ಕೆ ವಾರದ ರಜೆಯನ್ನೂ ಅಂಟಿಸಿಕೊಂಡರೆ ರಾಯಚೂರು, ವಿಜಯಪುರ ಕಡೆಯ ಹುಡುಗರು ಊರಿಗೆ ಹೋಗಿ ತಾಯಿಯ ಮುಖ ನೋಡಿ, ಹೊಲ ನೋಡಿ ಬರಬಹುದು. ನನ್ನ ಮುಮ್ಮುಖ ಪಟ್ಟಿ ಬಿಡುವನ್ನು ಸಮನಾಗಿ ಹಂಚುತ್ತದೆ, ಹಾಗಾಗಿ ಅಷ್ಟು ಉದ್ದನೆಯ ತುಂಡು ಯಾರಿಗೂ ಸಿಗುವುದಿಲ್ಲ. ಒಬ್ಬ ಕಾನ್‌ಸ್ಟೆಬಲ್ ನೇರವಾಗಿ ಹೇಳಿದ: “ಅಕ್ಕ, ನನ್ನ ನರನಾಡಿ ಇನ್ನೂ ಗಟ್ಟಿಯಿದೆ. ನಮ್ಮವ್ವನ ವಯಸ್ಸು ಕೇಳಿ ನೀವು.” ಅವನು ನನ್ನನ್ನು ಮೇಡಂ ಎನ್ನುವ ಬದಲು ಅಕ್ಕ ಎಂದಾಗಲೇ ವಿಷಯ ಗಂಭೀರ ಎಂದು ತಿಳಿಯುತ್ತದೆ.

ಅವನ ಮಾತಿನಲ್ಲಿ ತಪ್ಪು ಹುಡುಕಲಾರೆ. ನಾಳದ ಒಳಪದರ ಸೋಲುವುದು ನೋವು ಕೊಡುವುದಿಲ್ಲ. ಇಪ್ಪತ್ತೆಂಟರ ಹುಡುಗನಿಗೆ ನಲವತ್ತೆಂಟರ ಹೃದಯದ ಬಗ್ಗೆ ಹೇಳಿದರೆ ಅದು ಸೇವಾ ಪುಸ್ತಕದ ಕೊನೆಯ ಪುಟದ ವಿಷಯ. ಆದರೆ ಅದೇ ಹುಡುಗ ಹಿಮ್ಮುಖ ಪಟ್ಟಿಯ ಕಾಲದಲ್ಲಿ, ನೈಟ್ ಮುಗಿಸಿ ಎರಡನೇ ಪಾಳಿಗೆ ಬಂದ ದಿನ, 112 ಗಾಡಿಯ ಸ್ಟಿಯರಿಂಗ್ ಹಿಡಿದು ಹೆದ್ದಾರಿಯ ಅಂಡರ್‌ಪಾಸ್ ಬಳಿ ತೂಕಡಿಸಿದ್ದನ್ನು ಪಕ್ಕದಲ್ಲಿ ಕುಳಿತ ಹೆಡ್ ಕಾನ್‌ಸ್ಟೆಬಲ್ ಕಂಡಿದ್ದಾರೆ. ಅದು ಮಾತ್ರ ನಲವತ್ತೆಂಟರವರೆಗೆ ಕಾಯುವ ಅಪಾಯವಲ್ಲ.

ಇನ್ನು ಪಟ್ಟಿಯ ಕೈಗೆ ಮೀರಿದ್ದು ಗಂಟೆಗಳ ಲೆಕ್ಕ. 1861ರ ಪೊಲೀಸ್ ಕಾಯ್ದೆಯ 22ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿ ಸದಾ ಕರ್ತವ್ಯದಲ್ಲಿರುವವನು ಎಂದೇ ಎಣಿಕೆ. ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊ 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ದೇಶದ ಠಾಣೆಗಳ ಸಿಬ್ಬಂದಿಯಲ್ಲಿ ಸುಮಾರು ಶೇಕಡಾ 90ರಷ್ಟು ಜನ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಾರೆ. 2019ರ ಇನ್ನೊಂದು ಸಮೀಕ್ಷೆಯಲ್ಲಿ ಸರಾಸರಿ ದಿನಕ್ಕೆ 14 ಗಂಟೆ ಎಂದು ಬಂತು. ಎಂಟು ಗಂಟೆ ಆಗದ ಮಾತು ಎಂದು ನಮ್ಮ ಹಿರಿಯರು ತಲೆ ಆಡಿಸುತ್ತಾರೆ. ಆದರೆ ಮುಂಬೈಯ ದೇವನಾರ್ ಠಾಣೆಯಲ್ಲಿ 2016ರಲ್ಲಿ ಅದನ್ನು ಶುರು ಮಾಡಿದರು, ಆಮೇಲೆ ನಗರದ ಬೇರೆ ಠಾಣೆಗಳಿಗೂ ಹಬ್ಬಿಸಿದರು. ಅದರ ಲೆಕ್ಕಾಚಾರ ಮಾಡಿಕೊಟ್ಟವನು ಒಬ್ಬ ಕಾನ್‌ಸ್ಟೆಬಲ್. ಇರುವ ಜನರಲ್ಲೇ ಹೇಗೆ ಹೊಂದಿಸಬಹುದು ಎಂದು ಕಾಗದದ ಮೇಲೆ ಬರೆದು ಕಮಿಷನರ್ ಮುಂದೆ ಇಟ್ಟ. ಅವನ ಮುಂದೆ ನನ್ನದು ಏನೂ ಅಲ್ಲ; ಆದರೂ ಒಬ್ಬ ರೈಟರ್ ಆಗಿ ನನಗೆ ಅವನ ಮೇಲೆ ಬೇರೆಯೇ ಅಭಿಮಾನ.

ಚಾಲಕನಿಗೆ ಈಗ ವೈದ್ಯೆ ಮಾತ್ರೆ ಬರೆದುಕೊಟ್ಟಿದ್ದಾರೆ, ಗೊರಕೆ ಜೋರಾಗಿದ್ದುದರಿಂದ ನಿದ್ದೆಯ ಪರೀಕ್ಷೆಯನ್ನೂ ಮಾಡಿಸಿದರು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಇದೆ ಎಂದು ಗೊತ್ತಾಯಿತು. ರಾತ್ರಿ ಬಿಪಿ ಇಳಿಯದಿರಲು ಅದೂ ಒಂದು ಕಾರಣವಂತೆ. ಹಾಗಾಗಿ ಎಲ್ಲವನ್ನೂ ಪಾಳಿಯ ತಲೆಗೆ ಕಟ್ಟುವಂತಿಲ್ಲ. ಅವನ ಹೆಂಡತಿ ಫೋನ್ ಮಾಡಿ, “ಮೇಡಂ, ಇವರಿಗೆ ಇನ್ನು ನೈಟ್ ಹಾಕಲೇಬೇಡಿ” ಎಂದಳು. ವೈದ್ಯರ ಚೀಟಿ ತರಲು ಹೇಳಿದೆ. ಚೀಟಿ ಬಂದರೆ ಸಾಹೇಬರು ಒಪ್ಪುತ್ತಾರೆ, ಆ ನೈಟ್‌ಗಳು ಇನ್ನಿಬ್ಬರು ಚಾಲಕರ ನಡುವೆ ಹಂಚಿಹೋಗುತ್ತವೆ. ಅವರಲ್ಲೊಬ್ಬನಿಗೆ ಸಕ್ಕರೆ ಕಾಯಿಲೆ.

ಊರಿನ ಹುಡುಗರ ಜೊತೆ ಒಂದು ರಾಜಿ ಆಗಿದೆ. ತಿಂಗಳಿಗೆ ಒಂದು ಸಲ ಯಾರು ಬೇಕಾದರೂ ತಮ್ಮ ವಾರದ ರಜೆಗಳಲ್ಲಿ ಎರಡನ್ನು ಒಟ್ಟಿಗೆ ತೆಗೆದುಕೊಂಡು ಊರಿಗೆ ಹೋಗಬಹುದು. ಆದರೆ ನೈಟ್ ಮುಗಿದ ದಿನವೇ ಎರಡನೇ ಪಾಳಿಗೆ ಯಾರನ್ನೂ ಹಾಕುವುದಿಲ್ಲ, ಅವರೇ ಬೇಡಿಕೊಂಡರೂ ಇಲ್ಲ. ಗಣೇಶನ ಹಬ್ಬ ಬರುತ್ತಿದೆ. ವಿಸರ್ಜನೆಯ ಮೆರವಣಿಗೆಗಳು ಮುಗಿಯುವವರೆಗೆ ಈ ನಿಯಮ ಎಷ್ಟು ಉಳಿಯುತ್ತದೋ ನೋಡಬೇಕು. ಬೇರೆ ಠಾಣೆಗಳ ರೈಟರ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಪಟ್ಟಿ ಯಾವ ಕಡೆಗೆ ಸುತ್ತುತ್ತದೆ, ಸೋಮವಾರದ ಆ ಒಂದು ತಲೆಯನ್ನು ಎಲ್ಲಿಂದ ತರುತ್ತೀರಿ, ತಿಳಿಸಿ.